ಕೊನೆಯಲ್ಲಿ ಅವನು ಕೂಗಿದ್ದು

ಚಂದ್ರಾ ಲೇಔಟ್
19 ಜನವರಿ 2025

ಭೈರೇಶ,

ಮೊದಲ ಮೂರು ತಿಂಗಳು ಫೋನಿಲ್ಲ, ಯಾರೂ ಬಂದು ನೋಡುವ ಹಾಗಿಲ್ಲ, ಬೇಕಿದ್ದರೆ ಕಾಗದ ಬರೆಯಿರಿ ಎಂದು ಕುಡಿತ ಬಿಡಿಸುವ ಕೇಂದ್ರದವರು ಹೇಳಿದ್ದಾರೆ. ಅದಕ್ಕೆ ಬರೆಯುತ್ತಿದ್ದೇನೆ. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯಾಗುವವರೆಗೆ ಅಂಚೆ ಕಚೇರಿಯಲ್ಲಿ ಕೂತು ಊರವರ ಕಾಗದಗಳನ್ನು ವಿಂಗಡಿಸಿದವನು ನಾನು. ನಾನೇ ಕೂತು ಬರೆದದ್ದು ಒಂದೇ ನೆನಪಾಗುತ್ತಿದೆ. ಮದುವೆಗೆ ಮುಂಚೆ ನಿನ್ನ ಅಮ್ಮನಿಗೆ, ಅದೂ ಯಾವ ಬಸ್ಸಿಗೆ ಬರುತ್ತೇವೆ ಎಂದು ತಿಳಿಸಲು. ಹಾಗಾಗಿ ಇದು ಹೇಗಿದ್ದರೂ ಓದಿಕೋ.

ಅಮ್ಮ ಚೆನ್ನಾಗಿದ್ದಾಳೆ. ಚಳಿ ಇದೆಯೇ, ಸ್ವೆಟರ್ ಹಾಕುತ್ತಾನೆಯೇ ಎಂದು ಕೇಳು ಅಂದಳು. ಕೇಳಿದ್ದೇನೆ.

ಹೋದ ಭಾನುವಾರ ನಡುಮನೆಯಲ್ಲಿ ಪೇಪರ್ ಓದುತ್ತಿದ್ದೆ. ಅಡುಗೆಮನೆಯಿಂದ ನಿನ್ನ ಧ್ವನಿ ಬಂತು. ಹೇಳದೆ ಕೇಳದೆ ಕೇಂದ್ರದಿಂದ ಬಂದುಬಿಟ್ಟೆಯೇನೋ ಎಂದು ಎದ್ದು ಓಡಿದೆ. ನೋಡಿದರೆ ನಿನ್ನ ಅಮ್ಮ ಫೋನನ್ನು ಒಗ್ಗರಣೆ ಡಬ್ಬಿಗೆ ಒರಗಿಸಿಟ್ಟುಕೊಂಡು ಸೊಪ್ಪು ಬಿಡಿಸುತ್ತಿದ್ದಾಳೆ. ಪಕ್ಕದ ಮನೆಯ ದಿವ್ಯ ಹಾಕಿಕೊಟ್ಟಳಂತೆ. ನೀನೂ ಮಧುಕುಮಾರನೂ ಸೇರಿ ಮಾಡುತ್ತಿದ್ದಿರಲ್ಲ, ಯಾರಿಗೂ ಗೊತ್ತಿಲ್ಲದ ಇಂಗ್ಲಿಷ್ ಹಾಡುಗಳ ಹಿಂದಿನ ಸಂಗತಿ ಹೇಳುವ ಕಾರ್ಯಕ್ರಮ, ಅದು. ಇಬ್ಬರೂ ಮೇಲಿನ ಕೋಣೆಯ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಏನು ಮಾತಾಡುತ್ತೀರಿ ಎಂದು ನಾನು ರೇಗುತ್ತಿದ್ದೆ. ಇದನ್ನು ಮಾತಾಡುತ್ತಿದ್ದಿರಿ ಎಂದು ಈಗ ತಿಳಿಯಿತು.

ಮಧು ತೀರಿಕೊಂಡು ವರ್ಷ ದಾಟಿತು. ಅವನು ನಗುವುದು ಕೇಳಿಸಿದಾಗ ನಿನ್ನ ಅಮ್ಮ ಸೊಪ್ಪು ಬಿಟ್ಟು ಕಣ್ಣೊರೆಸಿಕೊಂಡಳು. ನಾನು ಅಲ್ಲೇ ನಿಂತು ಪೂರ್ತಿ ಕೇಳಿದೆ.

ಅದರಲ್ಲೊಂದು ಅನುಮಾನ. 'ತಗಡಿನ ಕೊಡೆಗಳು' ಎಂಬ ಅರ್ಥದ ಹೆಸರಿನ ತಂಡದವರು, ಟಿನ್ ಅಂಬ್ರೆಲಾಸ್, ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಹಾಡು ರೆಕಾರ್ಡ್ ಮಾಡುತ್ತಿದ್ದಾಗ ಗಿಟಾರ್ ಹುಡುಗನ ಅಪ್ಪ ಕೆಲಸ ಮುಗಿಸಿ ಬಂದು ಶಟರ್ ಎತ್ತಿದ, ಆ ಸದ್ದು ಹಾಡಿನೊಳಗೆ ಹಾಗೇ ಉಳಿಯಿತು ಎಂದು ನೀನು ಹೇಳುತ್ತೀಯ. ಮಧು "ಕೇಳಿಸ್ಕೊ ಗುರು, ಅದು ಡ್ರಮ್ ಅಲ್ಲ, ಶಟರ್ರು!" ಎನ್ನುತ್ತಾನೆ. ಅಷ್ಟಕ್ಕೇ ಮುಗಿಯಿತು. ಆ ಅಪ್ಪ ಬೈಯಲಿಲ್ಲವೇ?

ಸಿ. ಚಿಕ್ಕಣ್ಣ

*

29 ಜನವರಿ 2025

ಅಪ್ಪ,

ಕಾಗದ ಸಿಕ್ಕಿತು. ಇಲ್ಲಿನವರು ಒಡೆದು ನೋಡಿ ಕೊಡುತ್ತಾರೆ, ಗೊತ್ತಿರಲಿ. ಕೈ ನಡುಗುವುದು ಕಡಿಮೆಯಾಗಿದೆ. ಅಕ್ಷರ ನೋಡಿದರೆ ನಿಮಗೇ ತಿಳಿಯುತ್ತದೆ. ಸ್ವೆಟರ್ ಹಾಕುತ್ತೇನೆ ಎಂದು ಅಮ್ಮನಿಗೆ ಹೇಳಿ.

ಆ ಅಪ್ಪ ಬೈಯಲಿಲ್ಲ. ಶಟರ್ ಅರ್ಧ ಎತ್ತಿದವನು ಒಳಗೆ ಹುಡುಗರು ನುಡಿಸುತ್ತಿರುವುದನ್ನು ಕಂಡು ಮತ್ತೆ ಮೆತ್ತಗೆ ಇಳಿಸಿ, ಹಾಡು ಮುಗಿಯುವವರೆಗೆ ಹೊರಗೆ ಕಾರಿನಲ್ಲಿ ಕೂತಿದ್ದನಂತೆ. ಹಿಮ ಬೀಳುತ್ತಿತ್ತಂತೆ. ಗಿಟಾರ್ ಹುಡುಗ ಮುದುಕನಾದ ಮೇಲೆ ಯಾವುದೋ ಸಣ್ಣ ಪತ್ರಿಕೆಗೆ ಹೇಳಿದ್ದು ಅದು. ನಾನು ಅದನ್ನೂ ಹೇಳಿದ್ದೆ. "ಲೆಂತ್ ಜಾಸ್ತಿ ಆಯ್ತು ಮಗಾ" ಎಂದು ಮಧು ಕತ್ತರಿಸಿದ.

ಆ ಕಾರ್ಯಕ್ರಮವನ್ನು ಮನೆಯಲ್ಲಿ ಹಾಕಬೇಡಿ ಅಪ್ಪ. ಅಮ್ಮನಿಗೆ ಸುಮ್ಮನೆ ಸಂಕಟ.

ಭೈರೇಶ್

*

ಚಂದ್ರಾ ಲೇಔಟ್
9 ಫೆಬ್ರವರಿ 2025

ಭೈರೇಶ,

ಕಾರ್ಯಕ್ರಮ ಹಾಕಬೇಡಿ ಎಂದು ನೀನು ಬರೆದಿದ್ದೆ. ನಿನ್ನ ಅಮ್ಮನಿಗೆ ಓದಿ ಹೇಳಿದೆ. "ಅವ್ನು ಮನೇಲಿದ್ದಾಗ ಒಂದ್ ಮಾತಾಡ್ತಿರ್ಲಿಲ್ಲ. ಇದ್ರಲ್ಲಾದ್ರೂ ಮಾತಾಡ್ತಾನೆ. ನಾನು ಕೇಳ್ತೀನಿ" ಎಂದಳು. ನಾನೂ ಕೇಳುತ್ತಿದ್ದೇನೆ. ಬೆಳಿಗ್ಗೆ ವಾಕಿಂಗ್ ಹೋಗುವಾಗ ಕಿವಿಗೆ ಸಿಕ್ಕಿಸಿಕೊಂಡು ಹೋಗುತ್ತೇನೆ. ಅತ್ತಿಗುಪ್ಪೆ ಕೆರೆ ಇದ್ದ ಕಡೆಯಿಂದ ಸುತ್ತಿ ಬರುವಷ್ಟರಲ್ಲಿ ಒಂದು ಮುಗಿಯುತ್ತದೆ. ಜೊತೆಗೆ ಬರುವ ನಂಜುಂಡಪ್ಪ ಮೇಷ್ಟ್ರು ಭಗವದ್ಗೀತೆಯೋ ಎಂದು ಕೇಳಿದರು. ಇಲ್ಲ, ಪಂಕ್ ಎಂದೆ. ಅವರು ಮತ್ತೆ ಕೇಳಲಿಲ್ಲ.

ಹಾಡುಗಳು ನನಗೆ ಹತ್ತುವುದಿಲ್ಲ. ಎಲ್ಲರೂ ಒಟ್ಟಿಗೆ ಜಗಳಕ್ಕೆ ಬಿದ್ದ ಹಾಗಿರುತ್ತವೆ. ಆದರೆ ಹಾಡಿಗೆ ಮೊದಲು ನೀನು ಹೇಳುವುದನ್ನು ಕೇಳಿ, ಆಮೇಲೆ ಹಾಡು ಕೇಳಿದರೆ ಬೇರೆ ಥರ ಇರುತ್ತದೆ. ಬಂದರಿನ ಊರಿನ ಮೂವರು ಹೆಣ್ಣುಮಕ್ಕಳದ್ದು, ರೆಕಾರ್ಡಿಂಗ್ ದಿನವೇ ಗಂಟಲು ಕಟ್ಟಿಹೋಗಿ ಅವರಲ್ಲಿ ಹಾಡುವವಳು ಪಿಸುಗುಟ್ಟುತ್ತಲೇ ಪೂರ್ತಿ ಹಾಡಿದ್ದು. ಅದನ್ನು ಎರಡು ಸಲ ಕೇಳಿದೆ.

ಪಂಕ್ ಎಂದರೇನು, ಗ್ಯಾರೇಜ್ ಎಂದರೇನು ಎಂದು ನೀವಿಬ್ಬರೂ ಎಲ್ಲಿಯೂ ಬಿಡಿಸಿ ಹೇಳಿಲ್ಲ. ನನ್ನಂಥವರು ಕೇಳುತ್ತಾರೆಂದು ನೀವು ಅಂದುಕೊಂಡಿರಲಿಲ್ಲ, ಸರಿ.

ನಿನಗೆ ಊಟ ಸೇರುತ್ತಿದೆಯೇ?

ಸಿ. ಚಿಕ್ಕಣ್ಣ

*

17 ಫೆಬ್ರವರಿ 2025

ಅಪ್ಪ,

ನೀವು ನಂಜುಂಡಪ್ಪ ಮೇಷ್ಟ್ರಿಗೆ ಪಂಕ್ ಎಂದದ್ದನ್ನು ಓದಿ ನಕ್ಕೆ. ಪಕ್ಕದ ಮಂಚದ ಅಮರೇಶ, ಸಿಂಧನೂರಿನ ಕಡೆಯವರು, "ಏನಾತಪ, ಮನಿ ಕಡಿಂದ ಒಳ್ಳೆ ಸುದ್ದಿ ಏನು?" ಎಂದು ಕೇಳಿದರು. ಹೌದೆಂದೆ. ಕಾಗದ ಬಾರದವರು ಇಲ್ಲಿ ಬಹಳ ಜನ ಇದ್ದಾರೆ. ಬಂದವರ ಮುಖ ನೋಡಿಯೇ ಸಮಾಧಾನ ಮಾಡಿಕೊಳ್ಳುತ್ತಾರೆ.

ನಿಮ್ಮ ಪ್ರಶ್ನೆಗೆ ದೊಡ್ಡ ಉತ್ತರವಿಲ್ಲ. ಸಂಗೀತ ಸರಿಯಾಗಿ ಬಾರದವರು, ಬಂದಷ್ಟರಲ್ಲೇ, ಸಿಕ್ಕ ಜಾಗದಲ್ಲಿ ನುಡಿಸುವುದು. ಶೆಡ್ಡಿನಲ್ಲಿ ನುಡಿಸಿದರೆ ಗ್ಯಾರೇಜ್. ಅದಕ್ಕೆ ಸಿಟ್ಟು ಸೇರಿದರೆ ಪಂಕ್. ಈ ಜನ ಹೆಚ್ಚೆಂದರೆ ಒಂದೋ ಎರಡೋ ಹಾಡು ಮಾಡಿ, ಕೆಲವೇ ಪ್ರತಿ ಮಾರಿ, ಆಮೇಲೆ ಲಾರಿ ಓಡಿಸಿಕೊಂಡೋ ಮೇಷ್ಟ್ರಾಗಿಯೋ ಇದ್ದುಬಿಟ್ಟವರು. ಹಾಡಿನ ಬಗ್ಗೆ ಗೊತ್ತಿರುವುದು ಎರಡೇ ಎರಡು ಸಂಗತಿ. ಆ ಎರಡನ್ನು ಹುಡುಕಿ ತೆಗೆಯುವುದೇ ನಮಗೆ ಖುಷಿ.

ಮಧು ಅದನ್ನೆಲ್ಲ ನೆನಪಿಟ್ಟುಕೊಳ್ಳುತ್ತಿದ್ದ ರೀತಿ ನೀವು ನೋಡಬೇಕಿತ್ತು. ಸಂಜೆ ಊಟದ ಡೆಲಿವರಿ ಮಾಡುವಾಗ ಸಿಗ್ನಲ್ಲಿನಲ್ಲಿ ಇಬ್ಬರ ಗಾಡಿಯೂ ಅಕ್ಕಪಕ್ಕ ಬಂದರೆ, ಹೆಲ್ಮೆಟ್ ಗಾಜು ಎತ್ತಿ, "ಲೇ, ಆ ಬೇಸ್ ಗಿಟಾರಿಗೆ ಎಷ್ಟು ತಂತಿ ಇತ್ತು ಹೇಳೋ" ಎನ್ನುತ್ತಿದ್ದ. ನಾನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಹಸಿರು ಬಿದ್ದು ಅವನು ಹೋಗಿರುತ್ತಿದ್ದ.

ಊಟ ಸೇರುತ್ತಿದೆ. ಇಷ್ಟು ಸಾಕು ಇವತ್ತಿಗೆ.

ಭೈರೇಶ್

*

ಚಂದ್ರಾ ಲೇಔಟ್
3 ಮಾರ್ಚ್ 2025

ಭೈರೇಶ,

ನಿನ್ನೆ ಮುನಿಲಕ್ಷ್ಮಮ್ಮನವರು ಮನೆಗೆ ಬಂದಿದ್ದರು. ಮಧುವಿನ ತಾಯಿ. ಶಿವರಾತ್ರಿ ದಿನ ದೇವಸ್ಥಾನದಲ್ಲಿ ನಿನ್ನ ಅಮ್ಮನಿಗೆ ಸಿಕ್ಕರಂತೆ. ಮಾತಿನ ಮಧ್ಯೆ ಇವಳು ಕಾರ್ಯಕ್ರಮದ ವಿಷಯ ಹೇಳಿಬಿಟ್ಟಿದ್ದಾಳೆ. ಅವರಿಗೆ ಅದೊಂದು ಇದೆಯೆಂದೇ ಗೊತ್ತಿರಲಿಲ್ಲ. ಭಾನುವಾರ ಗಾರ್ಮೆಂಟ್ಸಿಗೆ ರಜೆ ಎಂದು ಕಾಮಾಕ್ಷಿಪಾಳ್ಯದಿಂದ ಬಸ್ಸಿನಲ್ಲಿ ಬಂದರು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತು, "ಅಣ್ಣಾ, ನಮ್ ಹುಡ್ಗನ್ ಮಾತು ನಿಮ್ ಫೋನಲ್ಲಿ ಐತಂತೆ. ಒಂದ್ಸಲ ಕೇಳಿಸ್ತೀರಾ?" ಎಂದರು.

ಒಳಗೆ ಕೂರಿಸಿ ಹಾಕಿದೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು. ಅವರಿಗೆ ಆ ಊರುಗಳು, ಹೆಸರುಗಳು ಒಂದೂ ಅರ್ಥವಾಗಿರಲಾರದು. ಮಗ ನಕ್ಕ ಕಡೆ ಅವರ ಮುಖ ಸ್ವಲ್ಪ ಅರಳುತ್ತಿತ್ತು, ಅಷ್ಟೆ. ಅತ್ತಾರೆಂದು ನಾನು ಹೆದರಿದ್ದೆ. ಅಳಲಿಲ್ಲ. ಒಂದಾದ ಮೇಲೆ ಒಂದು ಹಾಕಿಸಿಕೊಂಡರು. ಕಾಫಿ ಆರಿಹೋಯಿತು.

ಕೊನೆಯ ಎಪಿಸೋಡಿನಲ್ಲಿ ನಿಮ್ಮದೇ ಹಾಡು ಇದೆಯಲ್ಲ, 'ಮೂರನೇ ಕ್ರಾಸ್'. "ಲೋಕದಲ್ಲೇ ಅತಿ ಕಡಿಮೆ ಜನ ಕೇಳಿರೋ ಹಾಡು ಇದು, ಇದಕ್ಕಿಂತ ಕೆಳಗೆ ಯಾರೂ ಇಲ್ಲ" ಎಂದು ಇಬ್ಬರೂ ನಗುತ್ತೀರಿ. ನಿಮಗೆ ಬ್ಯಾಂಡ್ ಇದ್ದದ್ದು ನನಗೆ ಗೊತ್ತಿತ್ತು, ಹಾಡು ಇದ್ದದ್ದು ಗೊತ್ತಿರಲಿಲ್ಲ. ನೀನು ಗಿಟಾರ್, ಮಧು ಹಾಡುವುದು. ಗದ್ದಲದಲ್ಲಿ ನನಗೆ ಒಂದು ಪದವೂ ಹಿಡಿಯಲಿಲ್ಲ. ಕೊನೆಗೆ ಎಲ್ಲ ವಾದ್ಯ ನಿಂತ ಮೇಲೆ ಮಧು ಒಬ್ಬನೇ ಗಂಟಲು ಹರಿಯುವ ಹಾಗೆ ಕೂಗುತ್ತಾನೆ, ಮತ್ತೆ ಮತ್ತೆ.

ಮುನಿಲಕ್ಷ್ಮಮ್ಮನವರು ತಲೆ ಎತ್ತಿ, "ಕೇಳುದ್ರಾ ಅಣ್ಣಾ? ಅಮ್ಮಾ ಅಂತವ್ನೆ" ಎಂದರು.

ಮತ್ತೆ ಹಾಕಿದೆ. ನನಗೂ ಹಾಗೇ ಕೇಳಿಸಿತು. "ನಂಗೆ ಇಂಗ್ಲೀಷು ಗಿಂಗ್ಲೀಷು ಬರಲ್ಲ. ಇದೊಂದು ಗೊತ್ತಾಯ್ತು" ಎಂದರು. ಹೊರಡುವಾಗ ಗೇಟಿನವರೆಗೂ ಹೋದವರು ತಿರುಗಿ ಬಂದು, "ಭೈರೇಶಂಗೆ ಕಾಗ್ದ ಬರೀತೀರಂತೆ. ಕೇಳಿ ಅಣ್ಣಾ. ಅಮ್ಮ ಅಂತ್ಲೇ ತಾನೇ ಅವ್ನು ಕೂಗಿರೋದು? ನಮ್ ಹುಡ್ಗ ಹೋದಾಗಿಂದ ಭೈರೇಶ ನಮ್ಮನೆ ಕಡೆ ಬರ್ಲೇ ಇಲ್ಲ, ಇಲ್ದಿದ್ರೆ ನಾನೇ ಕೇಳ್ತಿದ್ದೆ" ಎಂದರು.

ಕೇಳಿದ್ದೇನೆ. ಬರೆ.

ಅಪ್ಪ

*

14 ಮಾರ್ಚ್ 2025

ಅಪ್ಪ,

ಹೌದು ಎಂದು ಹೇಳಿಬಿಡಿ.

ಭೈರೇಶ್

*

ಚಂದ್ರಾ ಲೇಔಟ್
23 ಮಾರ್ಚ್ 2025

ಭೈರೇಶ,

ನಿನ್ನ ಕಾಗದ ಬಂತು. ಅದನ್ನು ಕಾಗದ ಎನ್ನಬಹುದೋ ಇಲ್ಲವೋ.

ಮುನಿಲಕ್ಷ್ಮಮ್ಮನವರು ಈಗ ಪ್ರತಿ ಭಾನುವಾರ ಬರುತ್ತಾರೆ. ಬೇರೆ ಎಪಿಸೋಡುಗಳನ್ನು ಬಿಟ್ಟಿದ್ದಾರೆ. ಹಾಡಿನ ಆ ಕೊನೆಯ ಭಾಗ ಮಾತ್ರ ಹಾಕಿ ಎನ್ನುತ್ತಾರೆ. ಇವತ್ತು ಜೊತೆಯಲ್ಲಿ ಹೊಲಿಯುವ ಲಿಂಗಮ್ಮ ಎನ್ನುವವರನ್ನೂ ಕರೆತಂದಿದ್ದರು. "ಕೇಳೇ, ನನ್ ಮಗ ಕರೀತವ್ನೆ" ಎಂದು ಅವರ ಕಿವಿಗೆ ಹಿಡಿದರು. ಆ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಆಮೇಲೆ ಮುನಿಲಕ್ಷ್ಮಮ್ಮನವರು ನನ್ನ ಕಡೆ ನೋಡಿ, "ಭೈರೇಶ ಏನಾರ ಬರುದ್ನಾ ಅಣ್ಣಾ?" ಎಂದರು.

ನಿನ್ನ ಕಾಗದ ನನ್ನ ಜೇಬಿನಲ್ಲೇ ಇತ್ತು. ಇನ್ನೂ ಬಂದಿಲ್ಲ ಎಂದೆ.

ಯಾಕೆ ಹಾಗೆಂದೆನೋ. ನಿನ್ನ ಅಮ್ಮ ಆಮೇಲೆ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಹೌದು ಅಂದ್ಬಿಟ್ರೆ ನಿಮ್ ಗಂಟೇನ್ ಹೋಗತ್ತೆ? ಹೆತ್ತ ಕರುಳು, ಇಷ್ಟು ನೆಮ್ಮದಿ ಸಿಕ್ಕಿದ್ರೆ ಸಿಗ್ಲಿ ಬಿಡಿ" ಎಂದಳು. ಅವಳು ಹೇಳುವುದು ಸರಿಯೇ ಇರಬಹುದು. ಆದರೆ ನಿನ್ನ ಆ ಒಂದು ಸಾಲು ನನಗೆ ಸರಿಕಾಣಲಿಲ್ಲ. ಅದು ಉತ್ತರ ಕೊಟ್ಟ ಹಾಗಿಲ್ಲ, ಬಾಗಿಲು ಹಾಕಿಕೊಂಡ ಹಾಗಿದೆ.

ವಾಕಿಂಗಿನಲ್ಲಿ ನಿನ್ನ ಇನ್ನೊಂದು ಎಪಿಸೋಡು ಕೇಳಿದೆ. ಒಬ್ಬ ಗಾಯಕ ಹಾಡಿನ ತುಂಬ 'ಮಾರ್ಲೀನ್' ಎಂದು ಕೂಗುತ್ತಾನೆ. ಕೇಳಿದವರೆಲ್ಲ ಅದು ಅವನನ್ನು ಬಿಟ್ಟುಹೋದ ಹುಡುಗಿಯ ಹೆಸರು ಎಂದುಕೊಂಡು, ಕೆಲವರು ತಮ್ಮ ಹೆಣ್ಣುಮಕ್ಕಳಿಗೂ ಆ ಹೆಸರಿಟ್ಟರು. ಕಡೆಗೆ ನೋಡಿದರೆ ಅದು 'ಮಾರ್ಲ್ ಲೇನ್', ಅವನು ದಿನಾ ಬಸ್ಸಿಗೆ ಕಾಯುತ್ತಿದ್ದ ಬೀದಿ. ಅಲ್ಲಿ ನೀವಿಬ್ಬರೂ ಜಗಳವಾಡುತ್ತೀರಿ. ಮಧು, "ಬಿಡೋ ಮಗಾ, ಅವ್ರು ಏನ್ ಕೇಳಿಸ್ಕೊಂಡ್ರೋ ಅದೇ ಅವ್ರ ಹಾಡು. ನೀನ್ಯಾಕೆ ಹೋಗಿ ಕಿತ್ಕೋತೀಯ?" ಎನ್ನುತ್ತಾನೆ. ನೀನು, "ಹಂಗಲ್ಲ ಕಣೋ. ಆ ಮನುಷ್ಯ ಅಲ್ಲಿ ನಿಂತು ಏನೋ ಒಂದು ಹೇಳಿದಾನಲ್ಲ, ಅದನ್ನ ಕೇಳಿಸ್ಕೊಳ್ಳೋದು ಬೇಡ್ವಾ?" ಎನ್ನುತ್ತೀಯ.

ಇಬ್ಬರ ಮಾತೂ ನನ್ನ ತಲೆಯಲ್ಲಿ ಓಡಾಡುತ್ತಿದೆ. ಮಧು ಇದ್ದಿದ್ದರೆ ಹೌದು ಎಂದುಬಿಡಿ ಎನ್ನುತ್ತಿದ್ದ. ನೀನು ಹಾಗೆನ್ನುವವನಲ್ಲ. ಅದಕ್ಕೇ ಮತ್ತೆ ಕೇಳುತ್ತಿದ್ದೇನೆ. ಅವನು ಏನು ಕೂಗಿದ?

ಅಪ್ಪ

*

2 ಏಪ್ರಿಲ್ 2025

ಅಪ್ಪ,

ಯುಗಾದಿಗೆ ಇಲ್ಲಿ ಬೇವುಬೆಲ್ಲ ಕೊಟ್ಟರು. ಒಬ್ಬಟ್ಟೂ ಇತ್ತು, ಅಮ್ಮನ ಕೈಯ ಹದ ಇರಲಿಲ್ಲ.

ಅವನು ಕೂಗಿದ್ದು 'ಹ್ಯಾಮರ್'.

ಅವರ ಮನೆ ನಿಮಗೆ ನೆನಪಿದೆಯೋ ಇಲ್ಲವೋ. ಕಾಮಾಕ್ಷಿಪಾಳ್ಯದ ಮೂರನೇ ಕ್ರಾಸಿನ ಕೊನೆ. ಗೋಡೆಗೆ ಗೋಡೆ ತಾಗಿಕೊಂಡು ಕಬ್ಬಿಣ ಕಾಯಿಸಿ ಬಡಿಯುವ ಒಂದು ವರ್ಕ್‌ಶಾಪ್ ಇತ್ತು. ಅಲ್ಲಿ ಆಳೆತ್ತರದ ಪವರ್ ಹ್ಯಾಮರ್, ಯಂತ್ರದ ಸುತ್ತಿಗೆ. ಅದು ಬೀಳುವಾಗಲೆಲ್ಲ ಅವರ ಮನೆಯ ಪಾತ್ರೆಗಳು ಸದ್ದು ಮಾಡುತ್ತಿದ್ದವು. ಮಧು ಹುಟ್ಟಿದ್ದು, ಓದಿದ್ದು, ಎಸ್ಸೆಸ್ಸೆಲ್ಸಿ ಫೇಲಾದದ್ದು ಎಲ್ಲ ಅದರ ಪಕ್ಕದಲ್ಲಿ. ಆ ಹಾಡು ಬರೆದವನು ಅವನೇ. ಬೇರೆಯವರ ಹಾಡುಗಳಲ್ಲಿ ಶಟರ್ ಸದ್ದು, ರೈಲಿನ ಸದ್ದು ಹುಡುಕಿ ಹುಡುಕಿ, "ನಮ್ಮನೇಲೂ ಒಂದು ಸೌಂಡ್ ಐತೆ, ಅದನ್ನ ಯಾರೂ ಹಾಡ್ಲಿಲ್ವಲ್ಲ ಗುರು" ಎಂದ. ಹಾಡು ಅಲ್ಲಿಂದ ಹುಟ್ಟಿದ್ದು. ಇಂಗ್ಲಿಷ್ ಹಾಡುಗಾರರ ಥರ ಕೊನೆಯ ಅಕ್ಷರ ನುಂಗಿ ಹಾಡುತ್ತಿದ್ದ. 'ಹ್ಯಾಮಾ, ಹ್ಯಾಮಾ' ಎನ್ನುತ್ತಿದ್ದ. ಗಂಟಲು ಒಡೆದಾಗ ಅದು ಅಮ್ಮಾ ಎಂದು ಕೇಳಿಸುತ್ತದೆ. ನಾನೇ ಒಮ್ಮೆ ಅವನಿಗೆ ಹೇಳಿದ್ದೆ, ನಕ್ಕಿದ್ದ.

ಹೌದು ಎಂದು ಹೇಳಿಬಿಡಿ ಎಂದು ಬರೆದದ್ದು ಆಂಟಿಯ ನೆಮ್ಮದಿಗೆ ಅಲ್ಲ ಅಪ್ಪ. ಇಲ್ಲ ಎಂದರೆ ಅವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆ ಯಾವುದು ಎಂದು ನನಗೆ ಗೊತ್ತು. ಅದಕ್ಕೆ ಹೆದರಿಯೇ ನಾನು ಆ ಕ್ರಾಸಿಗೆ ಕಾಲಿಡಲಿಲ್ಲ. ಅದನ್ನು ಕಿವಿಯಿಂದ ಓಡಿಸಲಿಕ್ಕೇ ಕುಡಿಯುತ್ತಿದ್ದೆ. ಇಲ್ಲಿ ಕುಡಿಯಲು ಏನೂ ಇಲ್ಲ. ಅದು ದಿನಾ ಬಂದು ಮಂಚದ ಮೇಲೆ ಕೂರುತ್ತದೆ.

ಈ ತಿಂಗಳ ಇಪ್ಪತ್ತನೇ ತಾರೀಖು ಭಾನುವಾರ ನನ್ನನ್ನು ನೋಡಲು ಬಿಡುತ್ತಾರೆ. ಅವರನ್ನು ಕರೆದುಕೊಂಡು ಬನ್ನಿ. ನೀವು ಮೊದಲೇ ಏನೂ ಹೇಳಬೇಡಿ. ನಾನೇ ಹೇಳುತ್ತೇನೆ.

ಭೈರೇಶ್

*

ಚಂದ್ರಾ ಲೇಔಟ್
10 ಏಪ್ರಿಲ್ 2025

ಭೈರೇಶ,

ಇವತ್ತು ಕಾಮಾಕ್ಷಿಪಾಳ್ಯಕ್ಕೆ ನಾನೇ ಹೋಗಿದ್ದೆ. ಮೂರನೇ ಕ್ರಾಸು ಸಿಕ್ಕಿತು. ಆ ವರ್ಕ್‌ಶಾಪ್ ಈಗ ಇಲ್ಲ, ಪ್ಲೈವುಡ್ ಗೋದಾಮು ಆಗಿದೆ. ಮುನಿಲಕ್ಷ್ಮಮ್ಮನವರು ಕೆಲಸದಿಂದ ಆಗಷ್ಟೇ ಬಂದು ಹೊಸ್ತಿಲ ಮೇಲೆ ಕೂತಿದ್ದರು. ಭೈರೇಶ ನಿಮ್ಮನ್ನು ಕರೆದುಕೊಂಡು ಬರಲು ಹೇಳಿದ್ದಾನೆ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. "ಏನಾರ ತಿನ್ನಕ್ ಮಾಡ್ಕೊಂಡ್ ಬರ್ಲಾ?" ಎಂದು ಕೇಳಿದರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದಾಗ ಬಹಳ ಬೇಜಾರು ಮಾಡಿಕೊಂಡರು.

ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿಯುತ್ತೇವೆ. ನಿನ್ನ ಅಮ್ಮ ಈ ಸಲ ಬರುವುದಿಲ್ಲ. ಇಬ್ಬರಿಗಿಂತ ಹೆಚ್ಚು ಜನರನ್ನು ಬಿಡುವುದಿಲ್ಲವಂತೆ. "ನೀವ್ ಹೋಗಿ. ನಾನು ಅವ್ನು ಮನೆಗ್ ಬಂದ್ಮೇಲೆ ನೋಡ್ಕೋತೀನಿ" ಎಂದಳು.

ಹೇಳಲೇಬೇಕಾದ್ದನ್ನು ಹೇಳು. ಅದಕ್ಕಿಂತ ಹೆಚ್ಚಿನದು ಬೇಡ. ನಾನು ಹೊರಗಡೆ ಇರುತ್ತೇನೆ.

ಅಪ್ಪ

*

22 ಏಪ್ರಿಲ್ 2025

ಅಪ್ಪ,

ನೀವು ಮೊದಲು ಒಳಗೆ ಬಂದು ಕೂತಾಗ ನಾವಿಬ್ಬರೂ ಮಾತಾಡಿದ್ದು ಬಿಸಿಲಿನ ಬಗ್ಗೆ, ನೇರಳೆ ಮೆಟ್ರೋದಲ್ಲಿನ ರಶ್ಶಿನ ಬಗ್ಗೆ. ಕಾಗದದಲ್ಲಿ ಇಷ್ಟು ಮಾತಾಡುವವರು ಎದುರಿಗೆ ಕೂತರೆ ಯಾಕೆ ಹೀಗೋ. ನೀವು ಎದ್ದು ಹೋಗುವಾಗ ನನ್ನ ತಲೆಯ ಮೇಲೆ ಕೈ ಇಟ್ಟಿರಿ. ಅದರ ಅರ್ಥ ಗೊತ್ತಾಯಿತು ಎಂದು ಈಗ ಹೇಳುತ್ತಿದ್ದೇನೆ.

ಆಮೇಲೆ ಆಂಟಿ ಒಳಗೆ ಬಂದರು. ಏನು ನಡೆಯಿತು ಎಂದು ದಾರಿಯಲ್ಲಿ ನೀವು ಕೇಳಿರುವುದಿಲ್ಲ, ಅವರೂ ಹೇಳಿರುವುದಿಲ್ಲ. ಅದಕ್ಕೆ ಬರೆಯುತ್ತೇನೆ.

ಅವರು ಬಹಳ ಇಳಿದುಹೋಗಿದ್ದಾರೆ. ಕುರ್ಚಿಯ ಅಂಚಿನಲ್ಲಿ ಕೂತು, "ಸಣ್ಣಾಗಿದೀಯ ಕಣೋ" ಎಂದು ನನಗೇ ಹೇಳಿದರು. ನಾನು ಸುತ್ತಿ ಬಳಸದೆ ಹೇಳಿದೆ. "ಆಂಟಿ, ಆ ಹಾಡಲ್ಲಿ ಅವನು ಅಮ್ಮ ಅಂತ ಕೂಗಿಲ್ಲ. ಹ್ಯಾಮರ್ ಅಂತ. ನಿಮ್ಮನೆ ಪಕ್ಕದಲ್ಲಿತ್ತಲ್ಲ, ಅದು."

ಹಾಡಿನ ಮಾತುಗಳನ್ನು ಒಂದೊಂದೇ ಹೇಳಿದೆ. ರಾಗವಿಲ್ಲದೆ, ಮೆತ್ತಗೆ, ಅವರಿಗೆ ಅರ್ಥವಾಗುವ ಹಾಗೆ.

ಲೋಟ ನಡುಗ್ತು, ತಟ್ಟೆ ನಡುಗ್ತು,
ಗೂಟದಲ್ಲಿ ದೇವರ ಫೋಟೊ ನಡುಗ್ತು,
ಮೂರನೇ ಕ್ರಾಸಲ್ಲಿ ನಿದ್ದೆ ನಡುಗ್ತು,
ನಡುಗದೆ ಇದ್ದದ್ದು ಒಬ್ಬಳೇ ಒಬ್ಬಳು,
ಸೂಜಿಗೆ ದಾರ ಪೋಣಿಸ್ತಾ ಇದ್ದಳು.

ಕೊನೆಯ ಸಾಲು ಹೇಳಿದಾಗ ಅವರು ತಮ್ಮ ಕೈ ನೋಡಿಕೊಂಡರು. ಮತ್ತೆ ಹೇಳು ಎಂದರು. ಹೇಳಿದೆ. "ಇದ್ನ ಅವ್ನೇ ಬರ್ದಿದ್ದಾ?" ಎಂದರು. ಹೌದು ಎಂದೆ. ಹೊರಗೆ ಯಾರೋ ಅಂಗಳ ಗುಡಿಸುತ್ತಿದ್ದರು.

ಆಮೇಲೆ ನಾನು ಹೆದರುತ್ತಿದ್ದ ಪ್ರಶ್ನೆ ಬಂತು.

"ಆವತ್ತು ಕರುದ್ನಾ ನನ್ನ?"

ಅಪ್ಪ, ಇದನ್ನು ನಾನು ನಿಮಗೂ ಹೇಳಿಲ್ಲ. ಸುಮನಹಳ್ಳಿ ಹತ್ತಿರ ಲಾರಿ ತಾಗಿ ಅವನು ಬಿದ್ದಾಗ ಹಿಂದೆಯೇ ನಾನೂ ಡೆಲಿವರಿಗೆ ಬರುತ್ತಿದ್ದೆ. ಸಂಜೆ, ಇನ್ನೂ ಬೆಳಕಿತ್ತು. ನಾನೇ ಅವನನ್ನು ಆಟೋದಲ್ಲಿ ಮಲಗಿಸಿಕೊಂಡು ಹೋದದ್ದು. ಆಸ್ಪತ್ರೆ ಮುಟ್ಟುವವರೆಗೆ ಅವನಿಗೆ ಪ್ರಜ್ಞೆ ಇತ್ತು, ಮಾತಾಡಿದ. ಆಂಟಿ ಶಿಫ್ಟಿನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಕೊನೆಯ ಮಾತು ಕೇಳಿದವನು ನಾನೊಬ್ಬನೇ. ಅದರಲ್ಲಿ ಅಮ್ಮ ಇರಲಿಲ್ಲ. ನನ್ನ ಹೆಸರೂ ಇರಲಿಲ್ಲ. ಹೆತ್ತವಳಿಗೆ ಅದನ್ನು ಹೇಗೆ ಹೇಳುವುದು ಎಂದು ನನಗೆ ತಿಳಿಯಲಿಲ್ಲ. ಮಧುವಿನ ಥರ ಯೋಚಿಸಿದ್ದರೆ ಹೌದು, ಕರೆದ ಎನ್ನಬಹುದಿತ್ತು. ಬಾಯಿಯವರೆಗೆ ಬಂದಿತ್ತು ಕೂಡ.

"ಇಲ್ಲ ಆಂಟಿ" ಎಂದೆ.

"ಏನಂದ?"

"ಬೆನ್ನ ಮೇಲಿದ್ದ ಬ್ಯಾಗ್ ತೆಗಿ ಅಂದ. ಅದರಲ್ಲಿ ಊಟ ಇತ್ತು, ಬಸವೇಶ್ವರನಗರದ ಆರ್ಡರ್ರು. 'ಊಟ ಆರೋಗತ್ತೆ ಕಣೋ, ಯಾರೋ ಹಸ್ಕೊಂಡ್ ಕಾಯ್ತಿರ್ತಾರೆ. ಬರಕ್ಕಾಗಲ್ಲ ಅಂತ ಫೋನ್ ಮಾಡಿ ಹೇಳು' ಅಂದ. ಅದನ್ನೇ ಎರಡ್ಮೂರು ಸಲ ಅಂದ. ಆಮೇಲೆ ಮಾತಾಡ್ಲಿಲ್ಲ."

ಅವರು ಅಳುತ್ತಾರೆ ಎಂದು ಕಾದೆ. ನನ್ನನ್ನು ಬೈಯಬಹುದು, ಎದ್ದು ಹೋಗಬಹುದು ಎಂದೂ ಅನ್ನಿಸಿತ್ತು. ಅವರು ಕಿಟಕಿಯ ಕಡೆ ನೋಡುತ್ತ ಆ ಮಾತನ್ನು ತಮ್ಮಷ್ಟಕ್ಕೇ ಒಮ್ಮೆ ಹೇಳಿಕೊಂಡರು. "ಯಾರೋ ಹಸ್ಕೊಂಡ್ ಕಾಯ್ತಿರ್ತಾರೆ ಅಂದ್ನಾ." ಆಮೇಲೆ ನನ್ನ ಕಡೆ ತಿರುಗಿದರು.

"ಮಾಡುದ್ಯಾ?"

"ಏನು ಆಂಟಿ?"

"ಫೋನು. ಅವ್ರಿಗೆ ಫೋನ್ ಮಾಡುದ್ಯಾ?"

"ಮಾಡ್ದೆ. ಆಸ್ಪತ್ರೆಯಿಂದ."

"ಏನಂದ್ರು?"

ಅದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ನಾನೂ ನೆನಪು ಮಾಡಿಕೊಂಡಿರಲಿಲ್ಲ. ಆದರೆ ಕೇಳಿದ ತಕ್ಷಣ ಆ ಹೆಂಗಸಿನ ಧ್ವನಿ ಕಿವಿಯಲ್ಲಿ ಬಂತು.

"ಪರವಾಗಿಲ್ಲಪ್ಪ, ಮನೇಲೇ ಅನ್ನ ಇಟ್ಕೋತೀವಿ, ಮೊದ್ಲು ನಿಮ್ ಹುಡುಗನ್ನ ನೋಡ್ಕೊಳ್ಳಿ ಅಂದ್ರು."

"ಹಂಗಾರೆ ಸರಿ" ಎಂದರು ಆಂಟಿ. ನನ್ನ ಕೈ ಹಿಡಿದುಕೊಂಡರು. ಹೊತ್ತು ಮುಗಿಯಿತೆಂದು ಕೇಂದ್ರದವರು ಬಂದು ಹೇಳುವವರೆಗೂ ಬಿಡಲಿಲ್ಲ.

ಮುಂದಿನ ತಿಂಗಳು ನನ್ನನ್ನು ಬಿಡುತ್ತಾರೆ. ಕರೆದುಕೊಂಡು ಹೋಗಲು ನೀವೇ ಬನ್ನಿ.

ಭೈರೇಶ್